ಐನ್ಯಾಚುರಲಿಸ್ಟ್ ಆ್ಯಪ್ ವಿಮರ್ಶೆ: ಮಲೆನಾಡಿನಲ್ಲಿ ಯಾವ ಜೀವಿ ಎಲ್ಲಿದೆ ಎಂದು ಗುರುತಿಸಿಡುವವರಿಗೆ

ಶಿವಮೊಗ್ಗದಿಂದ ಆಗುಂಬೆಗೆ ರಸ್ತೆಯಲ್ಲಿ 90 ಕಿ.ಮೀ. ಹತ್ತಿರ. ಹೊರಡುವ ಕಡೆ ವರ್ಷಕ್ಕೆ ಸಾವಿರ ಮಿ.ಮೀ. ಆಸುಪಾಸು ಮಳೆ, ತೇಗ, ಮತ್ತಿ, ಬೀಟೆಯಂಥ, ಬೇಸಿಗೆಯಲ್ಲಿ ಎಲೆ ಉದುರಿಸುವ ಮರಗಳ ಕಾಡು. ತಲುಪುವ ಕಡೆ ಸರಾಸರಿ 7,000 ಮಿ.ಮೀ. ಮೀರುವ ಮಳೆ, ವರ್ಷವಿಡೀ ಹಸಿರಾಗಿರುವ ಕಾಡು. ಆಗುಂಬೆ ಘಾಟಿಯ ತಿರುವುಗಳನ್ನು ಇಳಿದು ಸೋಮೇಶ್ವರ ಸೇರುವಷ್ಟರಲ್ಲಿ ಎತ್ತರ ಐನೂರು ಮೀಟರಿಗೂ ಹೆಚ್ಚು ಕಡಿಮೆಯಾಗಿರುತ್ತದೆ, ಸುತ್ತಲಿನ ಗಿಡಮರಗಳೂ ಬೇರೆಯಾಗಿರುತ್ತವೆ. ಇಂಥ ನೆಲದಲ್ಲಿ 'ಪಶ್ಚಿಮ ಘಟ್ಟದಲ್ಲಿ ಸಿಗುತ್ತದೆ' ಎಂದರೆ ಏನನ್ನೂ ಹೇಳಿದಂತಾಗಲಿಲ್ಲ. ಯಾವ ಹಳ್ಳ, ಯಾವ ಗುಡ್ಡದ ಯಾವ ಮಗ್ಗುಲು ಎಂದು ಹೇಳಿದರಷ್ಟೇ ಉಪಯೋಗ.

ಆದ್ದರಿಂದ, ಕಂಡ ಜೀವಿಯ ಫೋಟೋ, ಜಾಗ ದಾಖಲಿಸಿ ಬೇರೆಯವರಿಂದ ಹೆಸರು ತಿಳಿಯುವ ಆ್ಯಪ್ ಐನ್ಯಾಚುರಲಿಸ್ಟನ್ನು ಇಲ್ಲಿ ಒಂದೇ ಪ್ರಶ್ನೆ ಇಟ್ಟುಕೊಂಡು ನೋಡಬೇಕು: ಜಾಗವನ್ನು ಅದು ಎಷ್ಟು ಸರಿಯಾಗಿ ದಾಖಲಿಸುತ್ತದೆ? ಹೆಚ್ಚಿನವರು ಈ ಆ್ಯಪ್ ಹಾಕಿಕೊಳ್ಳುವುದು ಗಿಡದ ಹೆಸರು ತಿಳಿಯಲು. ಆದರೆ ಹೆಸರು ತಪ್ಪಿದ್ದರೆ ಹತ್ತು ವರ್ಷ ಬಿಟ್ಟಾದರೂ ಯಾರೋ ಒಬ್ಬ ತಜ್ಞರು ಫೋಟೋ ನೋಡಿ ತಿದ್ದುತ್ತಾರೆ. ಜಾಗ ತಪ್ಪಿದ್ದರೆ ತಿದ್ದಬಲ್ಲವರು ಅಲ್ಲಿ ನಿಂತಿದ್ದವರು ಮಾತ್ರ.

ಆ್ಯಪ್ ಉಚಿತ, ಜಾಹೀರಾತಿಲ್ಲ. 2008ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳ ಯೋಜನೆಯಾಗಿ ಶುರುವಾಯಿತು. 2014ರಲ್ಲಿ ಕ್ಯಾಲಿಫೋರ್ನಿಯಾ ಅಕಾಡೆಮಿ ಆಫ್ ಸೈನ್ಸಸ್ ಸೇರಿತು. 2023ರಿಂದ ಲಾಭದ ಉದ್ದೇಶವಿಲ್ಲದ ಸ್ವತಂತ್ರ ಸಂಸ್ಥೆ. ಕೆಲಸದ ಕ್ರಮ ಸರಳ. ಫೋಟೋ ಅಥವಾ ಧ್ವನಿಮುದ್ರಿಕೆ, ದಿನಾಂಕ, ಜಾಗ ಸೇರಿಸಿ ಒಂದು ದಾಖಲೆ ಹಾಕುತ್ತೀರಿ. ಬೇರೆಯವರು ಹೆಸರು ಸೂಚಿಸುತ್ತಾರೆ. ಕನಿಷ್ಠ ಇಬ್ಬರು ಹೆಸರಿಸಿರಬೇಕು, ಹೆಸರಿಸಿದವರಲ್ಲಿ ಮೂರನೇ ಎರಡು ಭಾಗಕ್ಕಿಂತ ಹೆಚ್ಚು ಜನ ಒಂದೇ ಪ್ರಭೇದವನ್ನು ಒಪ್ಪಿರಬೇಕು, ಜೀವಿ ಸಾಕಿದ್ದೋ ನೆಟ್ಟಿದ್ದೋ ಆಗಿರಬಾರದು. ಆಗ ಅದಕ್ಕೆ 'ರಿಸರ್ಚ್ ಗ್ರೇಡ್' ಎಂಬ ಗುರುತು ಬೀಳುತ್ತದೆ. ಅಂಥ ದಾಖಲೆ, ನೀವು ಕೊಟ್ಟ ಪರವಾನಗಿ ಒಪ್ಪಿದರೆ, ಜಗತ್ತಿನ ಜೀವವೈವಿಧ್ಯ ದತ್ತಾಂಶ ಒಟ್ಟುಮಾಡುವ ಜಿಬಿಐಎಫ್‌ಗೆ ಹೋಗುತ್ತದೆ. ಯಾವ ಪ್ರಭೇದ ಎಲ್ಲೆಲ್ಲಿ ಹರಡಿದೆ ಎಂಬ ನಕ್ಷೆ ಮಾಡುವವರು ತೆಗೆದುಕೊಳ್ಳುವುದು ಅಲ್ಲಿಂದ.

ಈಗ ಜಾಗದ ವಿಷಯ. ಪ್ರತಿ ದಾಖಲೆಗೂ ಅಕ್ಷಾಂಶ, ರೇಖಾಂಶದ ಜೊತೆ 'ಅಕ್ಯುರಸಿ' ಎಂಬ ಇನ್ನೊಂದು ಸಂಖ್ಯೆ ಇರುತ್ತದೆ. ಅದು ಮೀಟರ್ ಲೆಕ್ಕದ ತ್ರಿಜ್ಯ. ಜೀವಿ ಈ ವೃತ್ತದೊಳಗೆ ಎಲ್ಲೋ ಇತ್ತು ಎಂದರ್ಥ. ಐನ್ಯಾಚುರಲಿಸ್ಟಿನ ಅತ್ಯುತ್ತಮ ಅಂಶ ಇದು, ಬಹುಪಾಲು ಬಳಕೆದಾರರು ನೋಡದೆ ಬಿಡುವುದೂ ಇದನ್ನೇ. ಬಯಲಿನಲ್ಲಿ ಫೋನಿನ ಜಿಪಿಎಸ್ 5ರಿಂದ 10 ಮೀಟರ್ ನಿಖರತೆ ಕೊಡುತ್ತದೆ. ದಟ್ಟ ಮರಗಳಡಿ, ಕಣಿವೆಯ ಬುಡದಲ್ಲಿ 20ರಿಂದ 50 ಮೀಟರ್ ಬಂದರೂ ಒಪ್ಪಿಕೊಳ್ಳಬಹುದು. ಸಂಖ್ಯೆ ಅದಕ್ಕಿಂತ ತೀರಾ ದೊಡ್ಡದಿದ್ದರೆ ಫೋನ್ ಇನ್ನೂ ಉಪಗ್ರಹ ಹಿಡಿದಿಲ್ಲ, ಟವರ್ ಲೆಕ್ಕದಲ್ಲಿ ಅಂದಾಜು ಹೇಳುತ್ತಿದೆ.

ಮಲೆನಾಡಿನಲ್ಲಿ ಸಾಮಾನ್ಯವಾಗಿ ಕೆಡುವುದು ಹೀಗೆ. ತೀರ್ಥಹಳ್ಳಿ ದಾಟಿದ ಮೇಲೆ ಹಲವೆಡೆ ನೆಟ್‌ವರ್ಕ್ ಹೋಗುತ್ತದೆ. ನೆಟ್‌ವರ್ಕ್ ಇಲ್ಲದಾಗ ಉಪಗ್ರಹಗಳ ಸ್ಥಾನದ ಮಾಹಿತಿಯನ್ನು ಫೋನ್ ನೇರವಾಗಿ ಉಪಗ್ರಹದಿಂದಲೇ ಇಳಿಸಿಕೊಳ್ಳಬೇಕು, ಅದಕ್ಕೆ ಕೆಲವು ನಿಮಿಷ ಹಿಡಿಯಬಹುದು. ಅಷ್ಟರಲ್ಲಿ ಕ್ಯಾಮೆರಾ ತೆಗೆದು ಕ್ಲಿಕ್ ಮಾಡಿದರೆ ಫೋಟೋಗೆ ಅಂಟುವುದು ಕೊನೆಯ ಬಾರಿ ಗೊತ್ತಿದ್ದ ಜಾಗ. ಕವಲೇದುರ್ಗದ ಕಪ್ಪೆ ತೀರ್ಥಹಳ್ಳಿ ಪೇಟೆಯಲ್ಲಿ ದಾಖಲಾಗುವುದು ಈ ಕಾರಣಕ್ಕೆ. ಪರಿಹಾರ ಕಷ್ಟದ್ದಲ್ಲ. ನೆಟ್‌ವರ್ಕ್ ಇರುವಾಗಲೇ ಒಮ್ಮೆ ಮ್ಯಾಪ್ ತೆರೆದು ಜಾಗ ಸರಿಯಾಗಿ ಕೂರಲು ಬಿಡಿ. ಕಾಡಿನೊಳಗೆ ಹೋಗುವ ಮುನ್ನ ಆಕಾಶ ಕಾಣುವ ಜಾಗದಲ್ಲಿ ನಿಂತು ಅಕ್ಯುರಸಿ 10 ಮೀಟರಿಗೆ ಇಳಿಯುವವರೆಗೆ ಕಾಯಿರಿ. ಆಮೇಲೆ ಏರೋಪ್ಲೇನ್ ಮೋಡ್ ಹಾಕಿಕೊಳ್ಳಬಹುದು. ಅದರಲ್ಲೂ ಜಿಪಿಎಸ್ ಕೆಲಸ ಮಾಡುತ್ತದೆ, ಟವರ್ ಹುಡುಕಾಟ ನಿಂತು ಬ್ಯಾಟರಿ ಉಳಿಯುತ್ತದೆ. ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಲೊಕೇಶನ್ ಟ್ಯಾಗ್ ಆನ್ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ.

ಎರಡನೆಯ ತೊಂದರೆ ವಾಟ್ಸಾಪ್. ಗೆಳೆಯರು ವಾಟ್ಸಾಪಿನಲ್ಲಿ ಕಳಿಸಿದ ಫೋಟೋದಲ್ಲಿ ತೆಗೆದ ದಿನಾಂಕವೂ ಇರುವುದಿಲ್ಲ, ಜಾಗವೂ ಇರುವುದಿಲ್ಲ. ಕಳಿಸುವಾಗ ಆ ಮಾಹಿತಿ ಕಳಚಿಹೋಗುತ್ತದೆ. ಅದನ್ನು ಹಾಗೇ ಅಪ್‌ಲೋಡ್ ಮಾಡುವವರು ದಿನಾಂಕಕ್ಕೆ ಇವತ್ತಿನದನ್ನು, ಜಾಗಕ್ಕೆ ತಮ್ಮ ಮನೆಯನ್ನು ಹಾಕಿಬಿಡುತ್ತಾರೆ. ಮೂಲ ಫೋಟೋವನ್ನು 'ಡಾಕ್ಯುಮೆಂಟ್' ಆಗಿ ಕಳಿಸಲು ಹೇಳಿದರೆ ಮಾಹಿತಿ ಉಳಿಯುತ್ತದೆ. ಅದಕ್ಕಿಂತ ಒಳ್ಳೆಯದು, ಕಂಡವರೇ ತಮ್ಮ ಖಾತೆಯಿಂದ ಹಾಕುವುದು.

ಮೂರನೆಯದು, ಊರಿನ ಹೆಸರು ಟೈಪ್ ಮಾಡಿ ಜಾಗ ಹುಡುಕುವ ಅಭ್ಯಾಸ. 'ಶಿವಮೊಗ್ಗ' ಎಂದು ಹುಡುಕಿದರೆ ಚುಕ್ಕೆ ನಗರದ ನಡುವೆ ಬೀಳುತ್ತದೆ, ವೃತ್ತ ಜಿಲ್ಲೆಯಗಲ ಹರಡಬಹುದು. ಕೊಡಚಾದ್ರಿಯ ಶೋಲಾ (ಬೆಟ್ಟದ ಮಡಿಲಿನ ಹಸಿರು ಕಾಡು) ಗಿಡ ಬಸ್ ಸ್ಟ್ಯಾಂಡ್ ಪಕ್ಕ ಕೂರುತ್ತದೆ. 'ಕೊಪ್ಪ' ಎಂದರೆ ಚಿಕ್ಕಮಗಳೂರಿನ ತಾಲೂಕೂ ಆಗಬಹುದು, ಕೊಪ್ಪ ಎಂದು ಕೊನೆಯಾಗುವ ಇನ್ನಾವುದೋ ಹಳ್ಳಿಯೂ ಬರಬಹುದು. ಹೆಸರು ಹುಡುಕಿದ ಮೇಲೆ ಉಪಗ್ರಹ ಚಿತ್ರಕ್ಕೆ ಬದಲಿಸಿ, ಹಿಗ್ಗಿಸಿ, ತೋಟ, ಕೆರೆ ಏರಿ, ರಸ್ತೆಯ ತಿರುವು ಗುರುತು ಹಿಡಿದು ಚುಕ್ಕೆಯನ್ನು ಎಳೆದು ಕೂರಿಸಿ. ನೆನಪು ಮಸುಕಾಗಿದ್ದರೆ ವೃತ್ತವನ್ನು ದೊಡ್ಡದಾಗಿಯೇ ಬಿಡಿ. 3 ಕಿ.ಮೀ. ಅನುಮಾನವಿದ್ದರೆ 3,000 ಎಂದೇ ಬರೆಯಿರಿ. ನಕ್ಷೆ ಮಾಡುವವರು ಅದನ್ನು ನೋಡಿ ತೆಗೆದಿಡುತ್ತಾರೆ. ಕೆಟ್ಟದ್ದು ದೊಡ್ಡ ವೃತ್ತವಲ್ಲ, ತಪ್ಪು ಜಾಗದ ಮೇಲಿನ ಪುಟ್ಟ ವೃತ್ತ. ಆಗುಂಬೆಯಂಚಿನಲ್ಲಿ ಅಂಥ ಎರಡು ಕಿ.ಮೀ. ತಪ್ಪು ಘಟ್ಟದ ಮೇಲಿನ ಜೀವಿಯನ್ನು ಘಟ್ಟದ ಬುಡಕ್ಕೆ ಇಳಿಸಿಬಿಡಬಲ್ಲದು.

ಜಿಪಿಎಸ್ ಇಲ್ಲದ ದೊಡ್ಡ ಕ್ಯಾಮೆರಾ ಬಳಸುವವರು ಹೊರಡುವ ಮುಂಚೆ ಕ್ಯಾಮೆರಾದ ಗಡಿಯಾರವನ್ನು ಫೋನಿನ ಸಮಯಕ್ಕೆ ಸೆಕೆಂಡ್ ಸಹಿತ ಹೊಂದಿಸಬೇಕು. ಫೋನಿನಲ್ಲಿ ನಡೆದ ದಾರಿ ದಾಖಲಿಸುವ ಆ್ಯಪ್ ಹಾಕಿಟ್ಟು, ಅದು ಉಳಿಸುವ ದಾರಿಯ ಫೈಲನ್ನು (ಜಿಪಿಎಕ್ಸ್) ಆಮೇಲೆ ಫೋಟೋಗಳ ಸಮಯದ ಜೊತೆ ಜೋಡಿಸಬಹುದು. ಗಡಿಯಾರದಲ್ಲಿ ಹತ್ತು ನಿಮಿಷ ವ್ಯತ್ಯಾಸವಿದ್ದರೆ, ಗಂಟೆಗೆ 30 ಕಿ.ಮೀ. ವೇಗದ ಜೀಪಿನಲ್ಲಿ ಅದು 5 ಕಿ.ಮೀ. ತಪ್ಪಾಗುತ್ತದೆ.

ಆ್ಯಪಿನಲ್ಲಿ ಇಲ್ಲದ ಒಂದು ವಿವರವೆಂದರೆ ಎತ್ತರ. ಅದಕ್ಕೆ ಬೇರೆ ಕಾಲಂ ಕೊಟ್ಟಿಲ್ಲ. ಕೊಡಚಾದ್ರಿಯಂಥ 1,343 ಮೀಟರಿನ ಕಡಿದಾದ ಬೆಟ್ಟದಲ್ಲಿ ಅಡ್ಡಕ್ಕೆ 200 ಮೀಟರ್ ಸರಿದರೆ ಎತ್ತರ ಎಷ್ಟೋ ಬದಲಾಗುತ್ತದೆ, ಕಾಡು ಮುಗಿದು ಹುಲ್ಲುಗಾವಲು ಶುರುವಾಗಿರುತ್ತದೆ. ಹಾಗಾಗಿ ಟಿಪ್ಪಣಿಯಲ್ಲಿ ಒಂದು ಸಾಲು ಬರೆಯುವುದನ್ನು ರೂಢಿ ಮಾಡಿಕೊಳ್ಳಿ: ಅಂದಾಜು ಎತ್ತರ, ಶೋಲಾ ಅಂಚೋ ಹುಲ್ಲುಗಾವಲೋ ತೋಟವೋ, ನೆರಳೋ ಬಿಸಿಲೋ, ನೀರಿನಿಂದ ಎಷ್ಟು ದೂರ. ಫೋಟೋ ಹೇಳದ ಸಂಗತಿ ಇದು.

ಅಪಾಯದಲ್ಲಿರುವ ಪ್ರಭೇದಗಳ ಜಾಗವನ್ನು ಆ್ಯಪ್ ತಾನಾಗಿಯೇ ಮರೆಮಾಡುತ್ತದೆ. ಇದನ್ನು ಅರಿತುಕೊಳ್ಳದೆ ನಕ್ಷೆ ಓದಬಾರದು. ಮರೆಮಾಡುವಾಗ 0.2 ಡಿಗ್ರಿ ಉದ್ದಗಲದ ಚೌಕ, ಅಂದರೆ ಬದಿಗೆ ಸುಮಾರು 22 ಕಿ.ಮೀ., ಅದರೊಳಗೆ ಎಲ್ಲೋ ಒಂದು ಕಡೆ ಚುಕ್ಕೆ ಹಾಕುತ್ತದೆ. ಬೇರೆಯವರಿಗೆ ದಿನಾಂಕವೂ ಪೂರ್ತಿ ಕಾಣದು, ತಿಂಗಳು ಮಾತ್ರ. ಸಿಂಗಳೀಕವನ್ನೇ ತೆಗೆದುಕೊಳ್ಳಿ. ಪಶ್ಚಿಮ ಘಟ್ಟ ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಕಾಡಿನಲ್ಲಿ ಇರದ ಕೋತಿ. ಶರಾವತಿ ಕಣಿವೆಯಲ್ಲಿ ಅದರ ಹೆಸರಿನಲ್ಲೇ 2019ರಲ್ಲಿ ಅಭಯಾರಣ್ಯ ರೂಪುಗೊಂಡಿದೆ. ಮರೆಮಾಡಿದ ಅದರ ಚುಕ್ಕೆ ಅದು ಕಾಲಿಡದ ಜಾಗದಲ್ಲೂ ಬಿದ್ದಿರಬಹುದು. ಅದನ್ನು ನೋಡಿ 'ಇಲ್ಲೂ ಸಿಂಗಳೀಕ ಇದೆ' ಎಂದು ತೀರ್ಮಾನಿಸುವುದು ತಪ್ಪು. ನಿಜವಾದ ಜಾಗ ದಾಖಲೆ ಹಾಕಿದವರ ಖಾತೆಯಲ್ಲಿ ಭದ್ರವಾಗಿರುತ್ತದೆ. ಅಧ್ಯಯನ ಮಾಡುವವರು ಕೇಳಿದರೆ ಆ್ಯಪಿನೊಳಗೇ ನಂಬಿಕಸ್ಥರಿಗೆ ತೋರಿಸುವ ಅನುಕೂಲವಿದೆ. ಈ ವ್ಯವಸ್ಥೆ ಸರಿಯಾಗಿಯೇ ಇದೆ. ಇನ್ನೂ ಮುಂದೆ ಹೋಗಿ, ರಸ್ತೆ ಬದಿಯ ಮರದಲ್ಲಿ ಹೂ ಬಿಟ್ಟ ಸೀತಾಳೆ ದಂಡೆ, ತಾನಾಗಿ ಬೆಳೆದ ಗಂಧದ ಮರ, ಹದ್ದುಗಳ ಗೂಡು, ಇವುಗಳಿಗೆ ಆ್ಯಪ್ ಮಾಡದಿದ್ದರೂ ನೀವೇ ಜಿಯೋಪ್ರೈವಸಿ ಎಂಬ ಆಯ್ಕೆಯಲ್ಲಿ 'ಅಬ್ಸ್ಕ್ಯೂರ್ಡ್' (ಮರೆಮಾಡಿದ್ದು) ಆರಿಸಬೇಕು. ಕೀಳುವವರಿಗೆ, ಕಡಿಯುವವರಿಗೆ ದಾರಿ ತೋರಿಸುವ ನಕ್ಷೆ ಯಾರಿಗೂ ಬೇಡ.

ಹೆಸರು ಸೂಚಿಸುವ ಯಂತ್ರಬುದ್ಧಿಯ ಬಗ್ಗೆ. ಸಾಮಾನ್ಯ ಚಿಟ್ಟೆ, ಹಕ್ಕಿ, ರಸ್ತೆ ಬದಿಯ ಗಿಡಗಳಿಗೆ ಅದು ಚೆನ್ನಾಗಿದೆ. ಘಟ್ಟದಲ್ಲಷ್ಟೇ ಸಿಗುವ ಸಣ್ಣ ಕಪ್ಪೆ, ಜೇಡ, ಕಾಡು ಮರಗಳ ಮಟ್ಟಿಗೆ ನಂಬಬೇಡಿ. ಸಾಕಷ್ಟು ಫೋಟೋ ಸೇರದ ಪ್ರಭೇದವನ್ನು ಅದು ಕಲಿತೇ ಇರುವುದಿಲ್ಲ. ಕಲಿತವುಗಳಲ್ಲಿ ಹೋಲುವುದನ್ನು ಮುಂದಿಡುತ್ತದೆ. ಅಂಥಲ್ಲಿ ಕುಲದ ಹೆಸರಿಗೋ ಕುಟುಂಬದ ಹೆಸರಿಗೋ ನಿಲ್ಲಿಸುವುದು ಜಾಣತನ. 'ಹತ್ತಿರದಲ್ಲಿ ನಿರೀಕ್ಷಿತ' ಎಂಬ ಫಿಲ್ಟರ್ ಕೂಡ ಇದೆ. ಗೊತ್ತಿರುವ ಹರವಿನೊಳಗಿನ ಪ್ರಭೇದಗಳನ್ನು ಮಾತ್ರ ಅದು ತೋರಿಸುತ್ತದೆ. ದಿನಬಳಕೆಗೆ ಒಳ್ಳೆಯದು, ಆದರೆ ಒಂದು ಜೀವಿ ಗೊತ್ತಿರುವ ಗಡಿಯಾಚೆ ಸಿಕ್ಕಾಗ ಸರಿಯಾದ ಹೆಸರನ್ನೇ ಪಟ್ಟಿಯಿಂದ ಮರೆಮಾಡಬಹುದು. ಹರವಿನ ಅಂಚು ಹುಡುಕುವವರು ಅದನ್ನು ತೆಗೆದೂ ಒಮ್ಮೆ ನೋಡಬೇಕು. ಗೊತ್ತಿಲ್ಲದೆ 'ಅಗ್ರೀ' ಒತ್ತುವುದು ಮಾತ್ರ ಖಂಡಿತ ಬೇಡ. ಎರಡು ಕ್ಲಿಕ್ಕಿಗೆ ರಿಸರ್ಚ್ ಗ್ರೇಡ್ ಆಗಿಬಿಡುವ ವ್ಯವಸ್ಥೆಯಲ್ಲಿ ಸ್ನೇಹಕ್ಕಾಗಿ ಒತ್ತಿದ ಒಂದು ಒಪ್ಪಿಗೆ ಒಂದು ಸುಳ್ಳು ಚುಕ್ಕೆ.

ಹೆಸರಿಸುವವರಿಗೆ ಬೇಕಾದ ಫೋಟೋ ಜೀವಿಗೊಂದು ಬಗೆ. ಮರಕ್ಕೆ ಐದಾರು ಬೇಕು: ಇಡೀ ಮರ, ತೊಗಟೆ, ಎಲೆಯ ಮೇಲ್ಮೈ, ಎಲೆಯ ಅಡಿ, ಎಲೆ ಕೊಂಬೆಗೆ ಸೇರುವ ಬಗೆ, ಹೂ ಅಥವಾ ಕಾಯಿ. ಉಪ್ಪಾಗೆ, ಮುರುಗಲು ಎರಡೂ ಒಂದೇ ಕುಲದವು, ಎಲೆಯೊಂದನ್ನೇ ತೆಗೆದರೆ ಗೊಂದಲ. ಬುಡದಲ್ಲಿ ಬಿದ್ದ ಹಣ್ಣಿನ ಫೋಟೋ ಇದ್ದರೆ ಕೂಡಲೇ ತೀರ್ಮಾನ: ಉಪ್ಪಾಗೆಗೆ ಆಳವಾದ ಗೀರುಗಳು, ಮುರುಗಲು ನುಣುಪಾದ ಕಡುಗೆಂಪು ಗುಂಡು. ರಾಮಪತ್ರೆ ಜಡ್ಡಿಗಳಲ್ಲಿ (ಕಾಡಿನ ಜೌಗು ನೆಲ) ಬೇರನ್ನು ಮರೆಯಬೇಡಿ. ಕಾಂಡದಿಂದ ಹೊರಟು ಊರುಗೋಲಿನಂತೆ ನೆಲಕ್ಕಿಳಿದ ಬೇರು ಒಂದು ಜಾತಿಯದು, ಕೆಸರಿನಿಂದ ಮೊಣಕಾಲು ಮಡಚಿದಂತೆ ಮೇಲೆದ್ದ ಬೇರು ಇನ್ನೊಂದರದು. ರಸ ನೋಡಲೆಂದು ತೊಗಟೆ ಕೆತ್ತಬೇಡಿ. ಅಣಬೆಗೆ ಟೊಪ್ಪಿಗೆಯ ಅಡಿಭಾಗ ಮತ್ತು ಕಾಂಡದ ಬುಡ. ಹಾವಿಗೆ ತಲೆಯ ಪಕ್ಕ ಮತ್ತು ನಡು ಮೈ, ದೂರದಿಂದ ಝೂಮ್ ಮಾಡಿ.

ಕಪ್ಪೆಗೆ ಫೋಟೋಗಿಂತ ಕೂಗು ಮುಖ್ಯ. ಪೊದೆ ಕಪ್ಪೆ, ಇರುಳು ಕಪ್ಪೆಗಳ ಹಲವು ಪ್ರಭೇದಗಳು ನೋಡಲು ಒಂದೇ ಥರ. ಸಿದ್ದಾಪುರ ತಾಲೂಕಿನ ಕತ್ತಲೆಕಾನಿನಿಂದ 2014ರಲ್ಲಿ ವಿವರಿಸಲಾದ, ಮೊಟ್ಟೆಗೆ ಕೆಸರು ಮೆತ್ತುವ ಕುಂಬಾರ ಕಪ್ಪೆಯಂಥದ್ದು ಇನ್ನೆಲ್ಲೆಲ್ಲಿದೆ ಎಂದು ತಿಳಿಯಲು ಜೂನ್ ನಂತರದ ರಾತ್ರಿಗಳ ಧ್ವನಿಮುದ್ರಿಕೆಗಳು ಬೇಕು. ಮಳೆ ನಿಂತ ಮೇಲೆ, ತೊರೆಯ ಸದ್ದಿಗೆ ಬೆನ್ನು ಮಾಡಿ, ಫೋನನ್ನು ಕಪ್ಪೆಯಿಂದ ಒಂದೆರಡು ಮೀಟರ್ ದೂರದಲ್ಲಿ ಅಲುಗಾಡಿಸದೆ ಹಿಡಿದು ಕನಿಷ್ಠ ಅರ್ಧ ನಿಮಿಷ ಮುದ್ರಿಸಿ. ಆಗಿನ ಉಷ್ಣತೆಯನ್ನೂ ಬರೆದಿಡಿ, ಏಕೆಂದರೆ ತಂಪಾದಷ್ಟೂ ಕೂಗಿನ ಲಯ ನಿಧಾನವಾಗುತ್ತದೆ. ಆ್ಯಪ್ ಆಡಿಯೊ ಫೈಲನ್ನು ಫೋಟೋ ಇಲ್ಲದೆಯೂ ಒಪ್ಪುತ್ತದೆ, ಇದು ನಮ್ಮ ಮಳೆಗಾಲಕ್ಕೆ ದೊಡ್ಡ ಅನುಕೂಲ. ಕಪ್ಪೆಯನ್ನು ಕೈಯಲ್ಲಿ ಹಿಡಿಯಬೇಡಿ.

'ಸಾಕಿದ್ದು ಅಥವಾ ಬೆಳೆಸಿದ್ದು' ಎಂಬ ಗುಂಡಿಯಲ್ಲಿ ಮಲೆನಾಡಿನವರು ಹೆಚ್ಚು ಎಡವುತ್ತಾರೆ. ಹೊರದೇಶದ್ದು ಎಂಬುದೇ ಬೇರೆ, ಬೆಳೆಸಿದ್ದು ಎಂಬುದೇ ಬೇರೆ. ತೋಟದ ಅಡಿಕೆ ನೆಟ್ಟದ್ದು, ಆದ್ದರಿಂದ ಗುಂಡಿ ಒತ್ತಬೇಕು. ಅದಕ್ಕೆ ಹಬ್ಬಿಸಿದ ಕಾಳುಮೆಣಸು ಘಟ್ಟದ ಸ್ವಂತ ಬಳ್ಳಿ, ಆದರೂ ನೆಟ್ಟದ್ದೇ, ಒತ್ತಬೇಕು. ಕಾಡಿನಲ್ಲಿ ತಾನಾಗಿ ಹಬ್ಬಿದ ಕಾಳುಮೆಣಸಿಗೆ ಒತ್ತಬಾರದು. ಬದುವಿನ ಮೇಲಿನ ಕಮ್ಯುನಿಸ್ಟ್ ಗಿಡ, ಲಂಟಾನ ಅಮೆರಿಕ ಖಂಡಗಳಿಂದ ಬಂದವು, ಆದರೆ ಇಲ್ಲಿ ತಾವಾಗಿ ಬೆಳೆದವು, ಒತ್ತಬಾರದು. ಸಾಲಾಗಿ ನೆಟ್ಟ ಅಕೇಶಿಯಾಕ್ಕೆ ಒತ್ತಬೇಕು, ಪ್ಲಾಂಟೇಶನ್ ಗಡಿ ದಾಟಿ ಬ್ಯಾಣದಲ್ಲಿ (ಹುಲ್ಲು ಬೆಳೆಯುವ ಬಯಲು) ಮೊಳೆತ ಅದರ ಸಸಿಗೆ ಒತ್ತಬಾರದು. ಆಸ್ಟ್ರೇಲಿಯಾ ಕಡೆಯ ಆ ಮರ ಎಲ್ಲಿಯವರೆಗೆ ಹಬ್ಬುತ್ತಿದೆ ಎಂದು ಹೇಳುವುದು ಆ ಸಸಿಯೇ. ತ್ಯಾವರೆಕೊಪ್ಪದ ಸಫಾರಿಯ ಸಿಂಹ, ಸಕ್ರೆಬೈಲಿನ ಬಿಡಾರದ ಆನೆ ಸಾಕಿದವು. ಅದೇ ಬೇಲಿಯೊಳಗೆ ಬಂದು ಕೂತ ಬೆಳ್ಳಕ್ಕಿ ಕಾಡಿನದು. ಅಡಿಕೆ ಮರದ ಮೇಲೆ ಕೂತ ಹಾರುವ ಓತಿಯೂ ಕಾಡಿನದೇ.

ಹಾರುವ ಓತಿಯ ಮಾತು ಬಂದದ್ದರಿಂದ ಒಂದು ವಿಷಯ. ಅದರ ಕುಲದ ಹತ್ತಾರು ಪ್ರಭೇದಗಳು ಇರುವುದು ಬಹುತೇಕ ಆಗ್ನೇಯ ಏಷ್ಯಾದಲ್ಲಿ. ದಕ್ಷಿಣ ಭಾರತಕ್ಕೆ ಇರುವುದು ಒಂದೇ, ಅದೂ ಮುಖ್ಯವಾಗಿ ಘಟ್ಟದ ಪಟ್ಟಿಯಲ್ಲಿ. ನಡುವೆ ಪರ್ಯಾಯದ್ವೀಪದ ಬಹುಭಾಗ ಖಾಲಿ. ಇಂಥ ತುಂಡಾದ ಹರವಿಗೆ ಕಾರಣ ಹುಡುಕುತ್ತ ಮೀನು ವಿಜ್ಞಾನಿ ಸುಂದರ್ ಲಾಲ್ ಹೋರಾ ಅವರು ಮಧ್ಯ ಭಾರತದ ಸಾತ್ಪುರ ಬೆಟ್ಟಸಾಲಿನ ಮೂಲಕ ಜೀವಿಗಳು ಪೂರ್ವದಿಂದ ಬಂದಿರಬೇಕೆಂದು 1940ರ ದಶಕದಲ್ಲಿ ವಾದ ಮುಂದಿಟ್ಟರು. ಅವರ ಆಧಾರ ಮುಖ್ಯವಾಗಿ ಬೆಟ್ಟದ ತೊರೆಗಳ ಮೀನುಗಳು. ಆ ವಾದದ ಬಗ್ಗೆ ಚರ್ಚೆ ಇಂದಿಗೂ ಮುಗಿದಿಲ್ಲ. ಬೆಳಗಿನ ಬಿಸಿಲಿಗೆ ಅಡಿಕೆ ಕಾಂಡ ಏರುವ ಓತಿಯ ಒಂದು ಫೋಟೋ, ಸರಿಯಾದ ಜಾಗದೊಂದಿಗೆ ಸೇರಿದರೆ, ಅಷ್ಟು ದೊಡ್ಡ ಪ್ರಶ್ನೆಯ ನಕ್ಷೆಗೆ ಒಂದು ಚುಕ್ಕೆ.

ಜಾಗ ಎಷ್ಟು ಮುಖ್ಯ ಎಂಬುದಕ್ಕೆ ಕಾಳಿಂಗಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಭಾರತದಿಂದ ಫಿಲಿಪೈನ್ಸ್‌ವರೆಗೆ ಒಂದೇ ಎಂದುಕೊಂಡಿದ್ದ ಕಾಳಿಂಗ ಸರ್ಪವನ್ನು 2024ರಲ್ಲಿ ನಾಲ್ಕು ಪ್ರಭೇದಗಳಾಗಿ ವಿಂಗಡಿಸಲಾಯಿತು. ಪಶ್ಚಿಮ ಘಟ್ಟದ್ದಕ್ಕೆ 'ಒಫಿಯೊಫೇಗಸ್ ಕಾಳಿಂಗ' ಎಂದೇ ಹೆಸರಾಯಿತು. ಹಳೆಯ ಫೋಟೋಗಳ ಡಿಎನ್ಎ ನೋಡಲಾಗದು. ಅವು ಹೊಸ ಹೆಸರಿನಡಿ ಸೇರಬೇಕಾದರೆ ಜಾಗವೇ ಆಧಾರ. ಕಾಳಿಂಗಕ್ಕೆ ಇಡೀ ಘಟ್ಟದಲ್ಲಿ ಒಂದೇ ಪ್ರಭೇದ, ಹಾಗಾಗಿ ಒರಟು ಜಾಗವೂ ಸಾಕು. ಕಪ್ಪೆಗಳು ಹಾಗಲ್ಲ. ಒಂದೊಂದು ಬೆಟ್ಟಸಾಲಿಗೆ ಸೀಮಿತವಾದ ಪ್ರಭೇದಗಳಿವೆ, ನಾಳೆ ಇನ್ನಷ್ಟು ವಿಂಗಡಣೆ ಆಗುವುದಿದೆ. ಅವತ್ತು ಉಳಿಯುವುದು 20 ಮೀಟರ್ ವೃತ್ತದ ದಾಖಲೆಗಳು.

ಐನ್ಯಾಚುರಲಿಸ್ಟಿನ ದೊಡ್ಡ ಕೊರತೆ: ಅದು ಇದ್ದದ್ದನ್ನು ಹೇಳುತ್ತದೆ, ಇಲ್ಲದ್ದನ್ನು ಹೇಳುವುದಿಲ್ಲ. ಜನ ಹೋದಲ್ಲಿ ಚುಕ್ಕೆ, ಹೋಗದಲ್ಲಿ ಖಾಲಿ. ಜೋಗ, ಆಗುಂಬೆ, ಕೊಡಚಾದ್ರಿಗೆ ಕ್ಯಾಮೆರಾ ಹಿಡಿದು ಹೋಗುವವರು ಬಹಳ; ಶಿಕಾರಿಪುರ, ಸೊರಬದ ಕೆರೆಯಂಗಳ, ಕಾನುಗಳಿಗೆ ಕಡಿಮೆ. ಖಾಲಿಯನ್ನು 'ಅಲ್ಲಿ ಇಲ್ಲ' ಎಂದು ಓದಬಾರದು. ಹಕ್ಕಿಗಳ ಮಟ್ಟಿಗೆ ಈ ಕೊರತೆ ನೀಗಿಸುವುದು ಇ-ಬರ್ಡ್. ಅಮೆರಿಕದ ಕಾರ್ನೆಲ್ ಪಕ್ಷಿ ಪ್ರಯೋಗಾಲಯ ಮತ್ತು ಆಡುಬಾನ್ ಸೊಸೈಟಿ ಸೇರಿ 2002ರಲ್ಲಿ ಶುರು ಮಾಡಿದ ಅದರಲ್ಲಿ ಎಷ್ಟು ಹೊತ್ತು, ಎಷ್ಟು ದೂರ ನೋಡಿದಿರಿ, ಗುರುತಿಸಿದ ಎಲ್ಲ ಹಕ್ಕಿಗಳನ್ನೂ ಬರೆದಿದ್ದೀರಾ ಎಂದು ಕೇಳುತ್ತದೆ. ಹೌದೆಂದರೆ ಪಟ್ಟಿಯಲ್ಲಿ ಇಲ್ಲದ್ದಕ್ಕೂ ಅರ್ಥ ಬರುತ್ತದೆ. ಗುಡವಿ, ಮಂಡಗದ್ದೆಯಂಥ ಪಕ್ಷಿಧಾಮದಲ್ಲಿ ಒಂದೇ ಕಡೆ ನಿಂತು 15 ನಿಮಿಷದ ಪಟ್ಟಿ ಮಾಡಿ. ನಡೆಯುವುದಾದರೆ ಒಂದೆರಡು ಕಿ.ಮೀ.ಗೆ ಒಂದು ಪಟ್ಟಿ ಮುಗಿಸಿ. ಆಗುಂಬೆಯಿಂದ ಸೋಮೇಶ್ವರದವರೆಗೆ ಒಂದೇ ಪಟ್ಟಿ ಮಾಡಿದರೆ ಘಟ್ಟದ ಮೇಲಿನ ಹಕ್ಕಿ ಯಾವುದು, ಕೆಳಗಿನದು ಯಾವುದು ಎಂದು ಯಾರಿಗೂ ಬಿಡಿಸಲಾಗದು. ಹಕ್ಕಿಗೆ ಇ-ಬರ್ಡ್, ಉಳಿದೆಲ್ಲಕ್ಕೂ ಐನ್ಯಾಚುರಲಿಸ್ಟ್ ಎಂಬುದು ನಮ್ಮ ಸಲಹೆ. 2008ರಿಂದ ಇರುವ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ಲನ್ನು ನಮ್ಮ ದೇಶದ ಪ್ರಭೇದಗಳ ಪುಟ, ನಕ್ಷೆಗಳಿಗಾಗಿ ಜೊತೆಗಿಟ್ಟುಕೊಳ್ಳಿ.

ಶಾಲೆಯ ಮಕ್ಕಳಿಗಾದರೆ ಇದೇ ಸಂಸ್ಥೆಯ 'ಸೀಕ್' ಆ್ಯಪ್ ಸಾಕು. ನೆಟ್‌ವರ್ಕ್ ಇಲ್ಲದೆ ಕೆಲಸ ಮಾಡುತ್ತದೆ, ಖಾತೆ ಬೇಡ. ಖಾತೆ ಜೋಡಿಸದಿದ್ದರೆ ಅದರಲ್ಲಿ ಕಂಡದ್ದು ನಕ್ಷೆಗೆ ಸೇರುವುದಿಲ್ಲ.

ಖಾತೆ ತೆರೆದ ದಿನವೇ ಮೂರು ಕೆಲಸ ಮುಗಿಸಿ. ಪರವಾನಗಿಯನ್ನು ಸಿಸಿ-ಬಿವೈ (ನಿಮ್ಮ ಹೆಸರು ಹೇಳಿ ಯಾರೂ ಬಳಸಬಹುದು) ಅಥವಾ ವ್ಯಾಪಾರದ ಬಳಕೆಗೆ ಬಿಡದ ಸಿಸಿ-ಬಿವೈ-ಎನ್‌ಸಿ ಎಂದು ಇಡಿ. 'ಎಲ್ಲ ಹಕ್ಕು ಕಾಯ್ದಿರಿಸಿದೆ' ಎಂದಿಟ್ಟರೆ ದಾಖಲೆ ಜಿಬಿಐಎಫ್‌ಗೆ ಹೋಗದು. ವೈಫೈ ಇದ್ದಾಗ ಮಾತ್ರ ಅಪ್‌ಲೋಡ್ ಆಗಲಿ. ಕಾಡಿನಲ್ಲಿ ಹಾಕಿದ್ದೆಲ್ಲ ಫೋನಿನಲ್ಲೇ ಉಳಿದು ಮನೆಗೆ ಬಂದ ಮೇಲೆ ಹೋಗುತ್ತದೆ. ಮೂಲ ಫೋಟೋಗಳನ್ನು ಬೇರೆ ಕಡೆ ಇಟ್ಟುಕೊಳ್ಳಿ, ಏಕೆಂದರೆ ಆ್ಯಪಿನ ಸರ್ವರ್ ಉಳಿಸಿಕೊಳ್ಳುವುದು ಉದ್ದದ ಬದಿ 2048 ಪಿಕ್ಸೆಲ್‌ಗೆ ಕುಗ್ಗಿಸಿದ ಪ್ರತಿಯನ್ನು. ದತ್ತಾಂಶ ಇಳಿಸಿಕೊಂಡು ನಕ್ಷೆ ಮಾಡುವವರು ಜಿಬಿಐಎಫ್‌ನಲ್ಲಿ ಜಾಗದ ಅನಿಶ್ಚಿತತೆಯ ಕಾಲಂ ನೋಡಿ 1,000 ಮೀಟರ್ ಮೀರಿದ್ದನ್ನು ಬದಿಗಿಡಿ. ಮರೆಮಾಡಿದ ದಾಖಲೆಗಳು ಅಲ್ಲಿ 30 ಕಿ.ಮೀ. ಆಸುಪಾಸಿನ ಅನಿಶ್ಚಿತತೆಯೊಂದಿಗೆ ಬರುತ್ತವೆ, ತಾವಾಗಿ ಹೊರಬೀಳುತ್ತವೆ. ಸೋಮೇಶ್ವರ, ಮೂಕಾಂಬಿಕಾ, ಶರಾವತಿ ಅಭಯಾರಣ್ಯಗಳ ಒಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು. ಸಿಗದಿದ್ದರೆ ನಿಮ್ಮ ಮನೆಯ ಹಿಂದಿನ ಸೊಪ್ಪಿನ ಬೆಟ್ಟ, ಊರಿನ ಕಾನು, ತೋಟದ ಪಕ್ಕದ ಹಳ್ಳದಿಂದ ಶುರು ಮಾಡಿ. ನಕ್ಷೆಯಲ್ಲಿ ಹೆಚ್ಚು ಖಾಲಿ ಇರುವುದು ಅಂಥ ಜಾಗಗಳೇ.